ಆನೆಮರಿಯ ಹೊದಿಕೆ

ಊಟದ ಬಿಡುವು ಮುಗಿದ ಮೇಲೆ ಆ ಶಾಲೆಯಲ್ಲಿ ಒಂದು ಪಿರಿಯಡ್ ನಿದ್ದೆಗೆಂದೇ ಮೀಸಲು. ಎಲ್ಲರಿಗೂ ಅಲ್ಲ, ತೀರಾ ಚಿಕ್ಕವರಿಗೆ ಮಾತ್ರ. ದೊಡ್ಡ ತರಗತಿಯವರು ಲೆಕ್ಕದ ಜೊತೆ ಗುದ್ದಾಡುತ್ತಿರುವ ಹೊತ್ತಿಗೆ, ಮೂಲೆಯ ಕೋಣೆಯಲ್ಲಿ ಚಾಪೆ ಹಾಸಿಕೊಂಡು, ಮನೆಯಿಂದ ತಂದ ಪುಟ್ಟ ಹೊದಿಕೆ ಹೊದ್ದು ಮಲಗುವ ಭಾಗ್ಯ ಇವರದು. ನೀಲಿ ಪರದೆ ಎಳೆದುಬಿಟ್ಟರೆ ಕೋಣೆಗೆ ಕೋಣೆಯೇ ಕೆರೆಯ ತಳದ ಹಾಗೆ ಕಾಣುತ್ತಿತ್ತು. ಒಳಗೆ ಬರುವವರು ಯಾರೇ ಆಗಲಿ, ಚಪ್ಪಲಿಯನ್ನೂ ಗಟ್ಟಿ ದನಿಯನ್ನೂ ಬಾಗಿಲಾಚೆ ಬಿಟ್ಟು ಬರಬೇಕು. ಆ ಮಟ್ಟಿಗೆ ಅಲ್ಲಿಯ ಕಾನೂನು ಬಲು ಕಟ್ಟುನಿಟ್ಟು.

ಆ ಕೋಣೆಯ ಒಡತಿ ನಿದ್ದೆ ಮಿಸ್. ಎಂಥ ಹಟಮಾರಿ ಮಗುವನ್ನೂ ಕಣ್ಣು ಮಿಟುಕಿಸುವುದರೊಳಗೆ ಮಲಗಿಸುತ್ತಾಳೆಂದು ಅವಳಿಗೆ ಹೆಸರು. ತಮಾಷೆಯೆಂದರೆ, ಊರ ಮಕ್ಕಳನ್ನೆಲ್ಲ ಮಲಗಿಸುವ ಈ ಪುಣ್ಯಾತ್ಮಳಿಗೆ ಮಾತ್ರ ನಿದ್ದೆಯೇ ಇಲ್ಲ. ಅಮ್ಮ ಹಾಸಿಗೆ ಹಿಡಿದ ಕಾಲಕ್ಕೆ ಅಕ್ಕ ಈ ಶಾಲೆ ಕಟ್ಟುವ ಓಡಾಟದಲ್ಲಿದ್ದಳು. ಅಮ್ಮನ ಪಕ್ಕ ರಾತ್ರಿ ಕೂರುವ ಕೆಲಸ ತಂಗಿಯಾದ ಇವಳ ಪಾಲಿಗೆ ಬಂತು. ಅಮ್ಮ ನರಳಿದರೆ ಎದ್ದು ಕೂರುತ್ತಿದ್ದಳು, ನರಳದಿದ್ದರೆ ಯಾಕೆ ನರಳಲಿಲ್ಲವೆಂದು ಎದ್ದು ಕೂರುತ್ತಿದ್ದಳು. ಅಮ್ಮ ಹೋದಳು, ಎಚ್ಚರ ಉಳಿಯಿತು. ಅಂದಿನಿಂದ ಅವಳದು ಕೋಳಿನಿದ್ದೆ. ಮಧ್ಯಾಹ್ನ ಮಕ್ಕಳ ನಡುವೆ ಗೋಡೆಗೊರಗಿ ಕೂತು, ಅವರ ಉಸಿರು ಒಂದೇ ಹದಕ್ಕೆ ಬರುವುದನ್ನು ಕೇಳುತ್ತಿದ್ದಾಗ ಮಾತ್ರ ಅವಳ ಕಣ್ಣಿಗೆ ಒಂದಿಷ್ಟು ತಂಪು. ಅಷ್ಟೇ ಸಾಕು ಎಂದುಕೊಂಡು ಅವಳು ಇಷ್ಟು ವರ್ಷ ಕಳೆದಿದ್ದಳು.

ಶಾಲೆ ಅಕ್ಕನದು. ಆದರೆ ಗೇಟು ದಾಟಿದರೆ ಅಕ್ಕ ಅಕ್ಕನಲ್ಲ, ಹೆಡ್ ಮಿಸ್. ಸೇರಿದ ಹೊಸದರಲ್ಲಿ ತಂಗಿ ಒಮ್ಮೆ ವರಾಂಡದಲ್ಲಿ ಬಾಯಿ ತಪ್ಪಿ “ಅಕ್ಕಾ” ಎಂದು ಕೂಗಿದ್ದಕ್ಕೆ ಅಕ್ಕ ಕಣ್ಣಲ್ಲೇ ಸುಟ್ಟುಬಿಟ್ಟಿದ್ದಳು.

“ಇಲ್ಲಿ ನಿಂಗೆ ಅಕ್ಕ ಅನ್ನೋರು ಯಾರೂ ಇಲ್ಲ. ಸಂಬಂಧ ಎಲ್ಲ ಮನೇಲಿ ಇಟ್ಟು ಬಾ. ನಾಳೆ ಯಾರಾದ್ರೂ ತಂಗಿ ಅಂತ ಕೆಲಸಕ್ಕೆ ಇಟ್ಕೊಂಡಿದ್ದಾಳೆ ಅಂದ್ರೆ?”

ಅಲ್ಲಿಂದ ಮುಂದೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಬಂದಿಳಿದು, ಗೇಟಿನೊಳಗೆ ಕಾಲಿಟ್ಟ ಕೂಡಲೇ ಅಂದು ಮೊದಲ ಸಲ ಮುಖ ನೋಡುವವರ ಹಾಗೆ “ಗುಡ್ ಮಾರ್ನಿಂಗ್ ಮಿಸ್” ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವರು. ಕಾವಲುಗಾರ ಪ್ರತಿ ದಿನ ನಗು ತಡೆಯಲಾರದೆ ಆಚೆ ತಿರುಗಿ ನಿಲ್ಲುತ್ತಿದ್ದ. ತಂಗಿಗೆ ಮೊದಮೊದಲು ನೋವಾಯಿತು, ಆಮೇಲೆ ಅಭ್ಯಾಸವಾಯಿತು. ಅಭ್ಯಾಸವಾಯಿತು ಎಂದರೆ ನೋವು ಹೋಯಿತು ಎಂದಲ್ಲ.

ಅವಳು ಮಕ್ಕಳನ್ನು ಮಲಗಿಸುತ್ತಿದ್ದದ್ದು ಒಂದೇ ಒಂದು ಕಥೆಯಿಂದ. ಒಂದು ಆನೆಮರಿ. ಅದಕ್ಕೆ ಒಂದು ಕಡೆ ಚಳಿ, ಒಂದು ಕಡೆ ನಿದ್ದೆ. ಹೊದ್ದುಕೊಳ್ಳಲು ಏನಾದರೂ ಕೊಡಿ ಎಂದು ಮನೆಮನೆ ಬಾಗಿಲು ತಟ್ಟುತ್ತದೆ. ದರ್ಜಿ ಕರವಸ್ತ್ರ ಕೊಡುತ್ತಾನೆ, ಅದು ಕಿವಿಗೂ ಸಾಲದು. ಕ್ಷೌರಿಕ ಟವೆಲ್ಲು ಕೊಡುತ್ತಾನೆ, ಅದು ಬಾಲಕ್ಕಾಗುತ್ತದೆ, ಅಷ್ಟೇ. ಪಾಪ, ಆನೆಮರಿ ಮುಂದಿನ ಬಾಗಿಲಿಗೆ ನಡೆಯುತ್ತದೆ, ಮೆಲ್ಲಗೆ, ಮೆಲ್ಲಗೆ. ಇಷ್ಟು ಹೊತ್ತಿಗೆ ಮಕ್ಕಳೆಲ್ಲ ತಣ್ಣಗೆ ಮಲಗಿರುತ್ತಿದ್ದರು. ಕಥೆಯ ಕೊನೆ ಕೇಳಿದವರು ಒಬ್ಬರೂ ಇಲ್ಲ. ಅಲ್ಲೇ ಮಲಗಿ ಬೆಳೆದು, ಈಗ ತಮ್ಮ ಮಕ್ಕಳನ್ನು ಕರೆದೊಯ್ಯಲು ಬರುವ ಅಪ್ಪಂದಿರು ಕೂಡ ಗೇಟಿನ ಬಳಿ ನಾಚಿಕೊಂಡು ಕೇಳುತ್ತಿದ್ದರು: “ಮಿಸ್, ಅದಕ್ಕೆ ಕೊನೆಗೂ ಹೊದಿಕೆ ಸಿಕ್ತಾ?” ಅವಳು ನಕ್ಕುಬಿಡುತ್ತಿದ್ದಳು. ಇಲ್ಲದ ಕೊನೆಯನ್ನು ಹೇಳುವುದಾದರೂ ಹೇಗೆ?

ಶಾಲೆ ಮಾರಿದ ಸುದ್ದಿಯನ್ನು ಅಕ್ಕ ಹೇಳಿದ್ದು ಮನೆಯಲ್ಲಿ, ಬೆಡ್‌ಶೀಟು ಮಡಿಸುವಾಗ. ಆ ತುದಿ ಅಕ್ಕ, ಈ ತುದಿ ತಂಗಿ. ಅಂಚಿಗೆ ಅಂಚು ಸೇರಿಸಲು ಇಬ್ಬರೂ ಎದುರೆದುರು ಬಂದಾಗ ಅಕ್ಕ ಅವಳ ಮುಖ ನೋಡದೆ ಹೇಳಿದಳು.

“ಶಾಲೇನ ಊರೂರಲ್ಲಿ ಸ್ಕೂಲ್ ನಡೆಸೋ ಕಂಪನಿಗೆ ಕೊಟ್ಬಿಟ್ಟೆ ಕಣೇ. ಮಂಡಿ ನನ್ನ ಮಾತು ಕೇಳಲ್ಲ, ಶಾಲೆ ಸೋರೋ ಚಾವಣಿನೂ ಕೇಳಲ್ಲ. ಎಷ್ಟು ದಿನ ಅಂತ ಎಳೀಲಿ?”

“ನಂಗೊಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ನೀನು ಬೇಡ ಅಂತಿದ್ದೆ. ನೀನು ಬೇಡ ಅಂದಿದ್ರೆ ನಾನು ಕೊಡ್ತಿರಲಿಲ್ಲ.”

ಇದಕ್ಕೆ ಸಿಟ್ಟಾಗಬೇಕೋ ಅಳಬೇಕೋ ತಂಗಿಗೆ ತಿಳಿಯಲಿಲ್ಲ. ಮಡಿಸಿದ ಬೆಡ್‌ಶೀಟನ್ನು ಬಿಚ್ಚಿ ಮತ್ತೆ ಮೊದಲಿಂದ ಮಡಿಸಿದಳು. ಅಂದಿನಿಂದ ಅಕ್ಕನಿಗೆ ಹೊಸದಾಗಿ ಗೊರಕೆ ಶುರುವಾಯಿತು. ಹೆಗಲ ಹೊರೆ ಇಳಿದವರ ಗೊರಕೆ ಅದು. ಪಕ್ಕದ ಕೋಣೆಯಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದ ತಂಗಿಗೆ ಹೊಟ್ಟೆಕಿಚ್ಚಾಗುತ್ತಿತ್ತು, ಅದರ ಹಿಂದೆಯೇ ಅಯ್ಯೋ ಅನ್ನಿಸುತ್ತಿತ್ತು.

ಕಂಪನಿಯವರು ಬಂದರು. ಅವರ ತಲೆಯ ಮೇಲೆ ಕೋಡೇನೂ ಇರಲಿಲ್ಲ. ಅವರ ಪರವಾಗಿ ಬಂದ ಹೊಸ ಮೇಡಂ ನೋಡಿದರೆ ಇನ್ನೂ ಎಳೆಯ ವಯಸ್ಸು, ಮಾತು ಮೃದು, ಸಾಲದ್ದಕ್ಕೆ ನೆಗಡಿ. ಆದರೆ ಹಿಮ್ಮಡಿ ಎತ್ತರದ ಚಪ್ಪಲಿಯಲ್ಲಿ ಟಕಟಕ ಎಂದು ನೇರ ಮಲಗುವ ಕೋಣೆಗೇ ನುಗ್ಗಿದಳು. ಗುಬ್ಬಿ ಎಂದು ಎಲ್ಲರೂ ಕರೆಯುವ ಪುಟ್ಟ ಹುಡುಗಿ ದಡಕ್ಕನೆ ಎದ್ದು ಅಳತೊಡಗಿದಳು, ಅವಳನ್ನು ನೋಡಿ ಉಳಿದವರೂ ರಾಗ ಎಳೆದರು.

“ಸಾರಿ ಮಿಸ್, ಗೊತ್ತಾಗ್ಲಿಲ್ಲ,” ಎಂದು ಮೇಡಂ ಕೆಂಪಾದಳು. ಆಮೇಲೆ ವರಾಂಡಕ್ಕೆ ಕರೆದು, ಮೂಗು ಒರೆಸಿಕೊಳ್ಳುತ್ತ ವಿಷಯ ಹೇಳಿದಳು. ಶನಿವಾರ ಇಲ್ಲಿಗೆ ಮೇಜು, ಕಂಪ್ಯೂಟರ್ ಬರುತ್ತವೆ. ನಿದ್ದೆಯ ಪಿರಿಯಡ್ ಅಂದಿಗೇ ಕೊನೆ. “ಫೀಸು ಕಟ್ಟೋರು ಕೇಳ್ತಾರೆ ಮಿಸ್, ಮಲಗೋಕೆ ಮನೆ ಇಲ್ವಾ ಅಂತ. ನಿಮಗೆ ತೊಂದರೆ ಇಲ್ಲ, ಮುಂಬಾಗಿಲ ಹತ್ರ ಬಂದೋರನ್ನ ಮಾತಾಡಿಸೋ ಕೆಲಸ ಇದೆ. ಕುರ್ಚಿ ಚೆನ್ನಾಗಿದೆ.”

ನಿದ್ದೆ ಮಿಸ್ ತಲೆಯಾಡಿಸಿದಳು. ತನಗೆ ಈ ಲೋಕದಲ್ಲಿ ಕಣ್ಣು ತಂಪಾಗುವ ಜಾಗ ಇದ್ದದ್ದೇ ಇದೊಂದು, ಅದೂ ಹೋಯಿತು ಎಂದುಕೊಂಡಳು. ಕುರ್ಚಿ ಎಷ್ಟು ಚೆನ್ನಾಗಿದ್ದರೆ ಏನು ಬಂತು?

ಮೇಡಂ ಮರುದಿನ ಮತ್ತೆ ಬಂದಳು. ಆನೆಮರಿಯ ಕಥೆ ಅವಳ ಕಿವಿಗೂ ಬಿದ್ದಿತ್ತು. ಅದನ್ನು ಹಿಡಿದಿಟ್ಟು ಕಂಪನಿಯ ಶಾಲೆಗಳಲ್ಲೆಲ್ಲ ಕೇಳಿಸಬಹುದಲ್ಲ ಎಂದು ಅವಳ ಆಸೆ. ಫೋನನ್ನು ಮೇಜಿನ ಮೇಲೆ ನಿಲ್ಲಿಸಿ, “ಪೂರ್ತಿ ಹೇಳಿ ಮಿಸ್,” ಎಂದಳು. ನಿದ್ದೆ ಮಿಸ್ ದರ್ಜಿಯ ಮನೆ ದಾಟಿದಳು, ಕ್ಷೌರಿಕನ ಮನೆ ದಾಟಿದಳು. ಫೋನು ಆಕಳಿಸಲಿಲ್ಲ, ಮಗ್ಗಲು ಬದಲಿಸಲಿಲ್ಲ, ಬೆರಳು ಚೀಪಲಿಲ್ಲ. ಕಣ್ಣು ಮುಚ್ಚದ ಆ ಕೇಳುಗನ ಎದುರು ಅವಳ ಕಥೆ ಮುಂದೆ ಸಾಗಲಿಲ್ಲ. ಕೊನೆಗೆ ಕೈಚೆಲ್ಲಿದಳು.

“ಇದಕ್ಕೆ ಕೊನೆ ಅಂತ ಇಲ್ಲಮ್ಮ. ಬೇಕಾಗೇ ಇರಲಿಲ್ಲ.”

ಬಾಗಿಲ ಸಂದಿನಲ್ಲಿ ಗುಬ್ಬಿ ನಿಂತದ್ದನ್ನು ಇಬ್ಬರೂ ಗಮನಿಸಿರಲಿಲ್ಲ. ಸಂಜೆಯ ಹೊತ್ತಿಗೆ ಚಿಕ್ಕವರ ಸೈನ್ಯವೆಲ್ಲ ನಿದ್ದೆ ಮಿಸ್‌ನ ಸೀರೆಯ ಸೆರಗು ಹಿಡಿದು ನಿಂತಿತು. ಕೋಣೆ ಹೋಗುವ ಮುಂಚೆ ಕೊನೆ ಹೇಳಲೇಬೇಕು, ಶನಿವಾರ ಒಬ್ಬರೂ ಮಲಗುವುದಿಲ್ಲ, ಆಣೆ. ನಿದ್ದೆ ಮಿಸ್ ಹೂಂ ಎಂದು ಮಾತು ಕೊಟ್ಟುಬಿಟ್ಟಳು. ಕೊಟ್ಟ ಮೇಲೆ ಕೊನೆ ಹುಡುಕುವ ಚಿಂತೆ ಹತ್ತಿತು.

“ಅದಕ್ಯಾಕೆ ತಲೆ ಕೆಡಿಸ್ಕೋತೀಯ?” ಎಂದಳು ಅಕ್ಕ, ಮಂಡಿಗೆ ಮುಲಾಮು ತಿಕ್ಕಿಕೊಳ್ಳುತ್ತ. “ಅಂಗಡಿಗೆ ಹೋಗಿ ದೊಡ್ಡದೊಂದು ಕೊಂಡ್ಕೊಳ್ತು ಅನ್ನು. ಮುಗೀತು.”

“ಆನೆಮರಿ ಹತ್ರ ದುಡ್ಡೆಲ್ಲಿ ಬಂತು?”

“ಹಾಗಾದ್ರೆ ಚಳಿಗಾಲ ಮುಗೀತು ಅನ್ನು.”

ಮುಲಾಮಿನ ವಾಸನೆ ಮನೆಯೆಲ್ಲ ತುಂಬಿತ್ತು. ಅಕ್ಕ ಹೇಳಿದ ಕೊನೆಗಳಲ್ಲಿ ಒಂದೂ ತಂಗಿಯ ಮನಸ್ಸಿಗೆ ಬರಲಿಲ್ಲ. ಎಲ್ಲವೂ ಶಾಲೆ ಮಾರಿದವರು ಹೇಳುವ ಕೊನೆಗಳು ಎಂದು ನಾಲಿಗೆಯ ತುದಿಯವರೆಗೆ ಬಂದ ಮಾತನ್ನು ನುಂಗಿಕೊಂಡಳು.

ಶನಿವಾರ ನೀಲಿ ಪರದೆ ಎಳೆದಾಗ ಮಕ್ಕಳು ಮಲಗಲಿಲ್ಲ. ಹೊದಿಕೆಗಳನ್ನು ಹೆಗಲಿಗೆ ಸುತ್ತಿಕೊಂಡು, ದೊಡ್ಡ ನ್ಯಾಯ ಕೇಳಲು ಬಂದ ಹಿರಿಯರ ಹಾಗೆ ಅವಳ ಸುತ್ತ ಕೂತರು. ಗುಂಡು ಎಂಬ ದುಂಡನೆಯ ಹುಡುಗನಂತೂ ರೆಪ್ಪೆಗಳನ್ನು ಬೆರಳಿನಿಂದ ಎತ್ತಿ ಹಿಡಿದುಕೊಂಡಿದ್ದ. ಅವಳು ಶುರು ಮಾಡಿದಳು. ದರ್ಜಿ ಆಯಿತು, ಕ್ಷೌರಿಕ ಆಯಿತು. ಯಾವತ್ತೂ ಹೋಗದ ಬೀದಿಗಳಿಗೆ ಆನೆಮರಿಯನ್ನು ಕರೆದೊಯ್ದಳು. ಅಂಚೆಯವನ ಮನೆ, ಬಣ್ಣ ಬಳಿಯುವವನ ಮನೆ. ಕಣ್ಣುಗಳೆಲ್ಲ ಅವಳ ಮೇಲೆಯೇ ನೆಟ್ಟಿದ್ದವು. ಬೀದಿಗಳು ಮುಗಿದವು.

“ಆಮೇಲೆ?” ಎಂದಳು ಗುಬ್ಬಿ.

“ಆಮೇಲೆ…” ಎಂದಳು ನಿದ್ದೆ ಮಿಸ್. ಮುಂದೆ ಏನೂ ಇರಲಿಲ್ಲ. ಇಷ್ಟು ವರ್ಷ ನಂಬಿ ಕಣ್ಣು ಮುಚ್ಚಿದ ಮಕ್ಕಳಿಗೆಲ್ಲ ತಾನು ಮೋಸ ಮಾಡಿದೆ ಅನ್ನಿಸಿ ಅವಳಿಗೆ ಅಳು ಒತ್ತರಿಸಿ ಬಂತು.

ಗುಬ್ಬಿ ಹತ್ತಿರ ಸರಿದು ಕೂತಳು. ಆಮೇಲೆ, ದೊಡ್ಡವರಿಗೆ ಮರೆತುಹೋಗುವುದು ಸಹಜ ಅನ್ನುವ ಹಾಗೆ, ತಾನೇ ಮುಂದುವರಿಸಿದಳು.

“ಆಮೇಲೆ ನಮ್ಮನೆಗೆ ಬಂತು. ನಾನು ನನ್ ಹೊದಿಕೆ ಕೊಟ್ಟೆ. ಸಾಲ್ಲಿಲ್ಲ, ಪಾಪ. ಕಾಲಿಗೆ ಮಾತ್ರ ಆಯ್ತು.”

“ಆಮೇಲೆ ನಮ್ಮನೆಗೆ ಬಂತು,” ಎಂದ ಗುಂಡು, ರೆಪ್ಪೆಯ ಬೆರಳು ತೆಗೆದು. “ಮೆಲ್ಲಗೆ, ಮೆಲ್ಲಗೆ.”

ನಿದ್ದೆ ಮಿಸ್‌ನದೇ ರಾಗ. ವಾಕ್ಯದ ತುದಿಯನ್ನು ಎಳೆದು ಕೆಳಗಿಳಿಸುವ ಅವಳದೇ ಅಭ್ಯಾಸ. ನಿದ್ದೆಯಲ್ಲಿಯೂ ಕೇಳಿಸಿಕೊಂಡಿದ್ದರೇ ಇವರು? ಅವಳು ಗೋಡೆಗೊರಗಿದಳು. ಆನೆಮರಿ ಮೂರನೆಯವನ ಮನೆಗೆ ಹೋಯಿತು, ನಾಲ್ಕನೆಯವಳ ಮನೆಗೆ ಹೋಯಿತು. ಪುಟ್ಟ ದನಿಗಳು ಒಂದರ ಹಿಂದೆ ಒಂದು ಬಾಗಿಲು ತೆರೆಯುತ್ತ ಹೋದವು. ಅವಳ ಬೆನ್ನು ಗೋಡೆಯಿಂದ ಜಾರಿ ಚಾಪೆಗೆ ತಾಗಿತು. ಪಾದದ ಮೇಲೆ ಏನೋ ಬಂದು ಬಿತ್ತು, ಬೆಚ್ಚಗಿತ್ತು. ಹೊಟ್ಟೆಯ ಮೇಲೊಂದು, ಮೊಣಕೈಯ ಮೇಲೊಂದು. ಏಳಬೇಕು, ಮಕ್ಕಳನ್ನು ನೋಡಿಕೊಳ್ಳಬೇಕು ಎಂದುಕೊಂಡಳು. ಎಂದುಕೊಂಡದ್ದು ನೆನಪಿದೆ, ಅದರ ಆಚೆಗೆ ಕೆರೆಯ ತಳ.

ತಳದಲ್ಲಿ ಆನೆಮರಿ ನಡೆಯುತ್ತಿತ್ತು. ಮೇಲೆಲ್ಲೋ ಟಕಟಕ ಎಂಬ ಸದ್ದು ಬಂತು, ಬಾಗಿಲ ಹತ್ತಿರ ನಿಂತಿತು, ಮತ್ತೆ ಶುರುವಾದಾಗ ಬರಿಗಾಲಿನ ಸದ್ದಾಗಿತ್ತು.

“ಮೇಡಂ, ಮೇಜು ಎಲ್ಲಿ ಇಳಿಸೋಣ?” ಒಂದು ಗಂಡುದನಿ.

“ಶ್!” ಗುಂಡು. “ಮಿಸ್‌ನ ಎಬ್ಬಿಸಬೇಡಿ. ಇನ್ನೂ ತುಂಬಾ ಮನೆ ಬಾಕಿ ಇದೆ.”

“ಅಲ್ಲೇ ಹೊರಗೆ ಇರ್ಲಿ,” ಎಂದಿತು ನೆಗಡಿಯ ದನಿ, ಪಿಸುಮಾತಿನಲ್ಲಿ. “ಅವರು ಏಳೋ ತನಕ.”

ಶಾಲೆ ಬಿಡುವ ಗಂಟೆ ಹೊಡೆಯಿತು. ಅಪ್ಪಂದಿರೂ ಅಮ್ಮಂದಿರೂ ಬಂದಿರಬೇಕು, ಬಾಗಿಲಾಚೆ ಚಪ್ಪಲಿ ಕಳಚುವ ಸದ್ದು. ಒಬ್ಬರೂ ಮಕ್ಕಳ ಹೆಸರು ಹಿಡಿದು ಕೂಗಲಿಲ್ಲ. ಆಮೇಲೆ ನೀರಿನೊಳಕ್ಕೆ ಮುಲಾಮಿನ ವಾಸನೆ ಇಳಿದು ಬಂತು. ಅಕ್ಕ ಇವತ್ತು ಕಂಪನಿಗೆ ಬೀಗದ ಕೈ ಒಪ್ಪಿಸಬೇಕಿತ್ತು. ನಡೆದರೆ ಝಣಝಣ ಎನ್ನುವ ಆ ಗೊಂಚಲು ಇಂದು ಸದ್ದೇ ಮಾಡುತ್ತಿಲ್ಲ. ಮುಷ್ಟಿಯಲ್ಲಿ ಬಿಗಿಹಿಡಿದಿರಬೇಕು. ಮಂಡಿ ಲಟಕ್ ಎಂದಿತು, ಯಾರೋ ಪಕ್ಕದಲ್ಲಿ ಕುಳಿತರು. ಹಣೆಯ ಮೇಲೆ ಅಂಗೈ ಬಂತು. ಅಮ್ಮನದೋ ಅಕ್ಕನದೋ ತಿಳಿಯಲಿಲ್ಲ.

ಆನೆಮರಿ ನಿಂತು ತನ್ನ ಮೈ ನೋಡಿಕೊಂಡಿತು. ಕಾಲಿಗೊಂದು, ಬಾಲಕ್ಕೊಂದು, ಕಿವಿಗೊಂದು, ಬೆನ್ನ ತುಂಬ ಬಣ್ಣಬಣ್ಣದ ತುಂಡುಗಳು. ಮುಂದಿನ ಬಾಗಿಲು ತಟ್ಟಲು ಎತ್ತಿದ ಸೊಂಡಿಲನ್ನು ಅದು ಕೆಳಗಿಳಿಸಿತು. ಓಹೋ, ಹೀಗೋ ಇದರ ಕೊನೆ ಎಂದು ನಿದ್ದೆ ಮಿಸ್‌ಗೆ ನಿದ್ದೆಯಲ್ಲಿಯೇ ನಗು ಬಂತು. ಎದ್ದ ಕೂಡಲೇ ಮಕ್ಕಳಿಗೆ ಹೇಳಬೇಕು ಎಂದುಕೊಂಡಳು. ಏಳುವ ಅವಸರ ಮಾತ್ರ ಇರಲಿಲ್ಲ.

“ಯಾರಮ್ಮ ಇವರು, ಹಗಲು ಹೊತ್ತಲ್ಲಿ ಹೀಗೆ…” ಎಂದು ಮೇಜು ಹೊತ್ತು ತಂದವನು ಹೊಸ್ತಿಲ ಹತ್ತಿರ ಗಟ್ಟಿಯಾಗಿ ಕೇಳಿದ.

ಹಣೆಯ ಮೇಲಿನ ಅಂಗೈ ಕದಲಲಿಲ್ಲ. ಅಷ್ಟೂ ಜನರ ಎದುರಿಗೆ, ಶಾಲೆಯ ಗೇಟಿನ ಒಳಗೆ, ಹೆಡ್ ಮಿಸ್ ಹೇಳಿದಳು:

“ಮೆಲ್ಲಗೆ ಮಾತಾಡಪ್ಪ. ನನ್ನ ತಂಗಿ ಮಲಗಿದ್ದಾಳೆ.”