ಒಬ್ಬಳೇ ಆಡುವ ಆಟದ ನಿಯಮಗಳು

ಹೊರಗೆ ಹೋಗುವ ಕೆಂಪಿಗಿಂತ ಒಳಗೆ ಬರುವ ಕೆಂಪು ಒಂದು ಚೂರು ತಿಳಿ, ನಿಜವಾಗಿಯೂ ಹಾಗೋ ಇಲ್ಲ ತನಗೆ ಹಾಗನ್ನಿಸುವುದೋ, ಸುರಭಿ ಎಡಗೈ ಅಲುಗಿಸದೆ ಕತ್ತು ಮಾತ್ರ ಹೊರಳಿಸಿ ನೋಡಿದಳು, ಎರಡು ಸೂಜಿ, ಎರಡು ಕೊಳವೆ, ಒಂದರಲ್ಲಿ ಹೊರಟ ರಕ್ತ ಮೆಷಿನ್ನಿನ ಚಕ್ರಕ್ಕೆ ಸಿಕ್ಕಿ ತೊಳೆಸಿಕೊಂಡು ಇನ್ನೊಂದರಲ್ಲಿ ವಾಪಸ್ಸು, ನಾಲ್ಕು ಗಂಟೆ, ವಾರಕ್ಕೆ ಮೂರು ಸಲ, ಎರಡೂ ಕಿಡ್ನಿ ಕೈಕೊಟ್ಟ ಈ ಹತ್ತು ತಿಂಗಳಿಂದ, ಜಯನಗರದ ಈ ಡಯಾಲಿಸಿಸ್ ಸೆಂಟರಿನ ಕಿಟಕಿ ಪಕ್ಕದ ಮಂಚ ಅವಳದ್ದೇ ಅನ್ನುವ ಹಾಗಾಗಿದೆ — ಒಬ್ಬ ರಾಕ್ಷಸ ಇದ್ದ ಕಣೇ, ಅಜ್ಜಿ ಹೇಳುತ್ತಿದ್ದಳು, ಅವನ ಪ್ರಾಣ ಅವನ ಮೈಯಲ್ಲೇ ಇರಲಿಲ್ಲ, ಏಳು ಕೋಟೆ ಏಳು ಕಂದಕ ದಾಟಿದರೆ ಒಂದು ಆಲದ ಮರ, ಮರದ ಪೊಟರೆಯಲ್ಲಿ ಪಂಜರ, ಪಂಜರದಲ್ಲೊಂದು ಗಿಳಿ, ಆ ಗಿಳಿಯಲ್ಲಿತ್ತು ನೋಡು, ತ್ಯಾಗರಾಜನಗರದ ಮನೆಯ ಕೆಂಪು ಗಾರೆ ನೆಲದ ಮೇಲೆ ಅಜ್ಜಿಯ ಸುತ್ತ ಅವಳೂ ತಮ್ಮನೂ, ಅಜ್ಜಿಯ ಕೈಯಲ್ಲಿ ಹುಳಿಯನ್ನದ ತುತ್ತು, ಕಥೆ ಮುಂದಕ್ಕೆ ಹೋಗಬೇಕಾದರೆ ಬಾಯಿ ತೆಗೆಯಬೇಕು, ಎಂಥಾ ಪೆದ್ದು ರಾಕ್ಷಸ ಅಜ್ಜಿ, ಪ್ರಾಣ ತಗೊಂಡು ಹೋಗಿ ಯಾರಾದರೂ ಹೊರಗಿಡ್ತಾರಾ, ಅಂತ ಆಗ ನಕ್ಕಿದ್ದಳು, ಈಗ ನಗು ಬರುವುದಿಲ್ಲ, ತೊಡೆಯ ಮೇಲೆ ನೋಟ್‌ಬುಕ್ಕು, ಬಲಗೈಯಲ್ಲಿ ಪೆನ್ಸಿಲ್ಲು, ಪುಟದ ನೆತ್ತಿಯಲ್ಲಿ ಬರೆದಿದ್ದಾಳೆ, ಪಾತ್ರದ ಹೆಸರು, ಅದರ ಮುಂದೆ ಖಾಲಿ.

ಹೆಸರು ಆಮೇಲೆ ಬರಲಿ, ಮೊದಲು ಮೈಕಟ್ಟು, ಬಲ ಎಷ್ಟು, ಚುರುಕು ಎಷ್ಟು, ಬುದ್ಧಿ ಎಷ್ಟು, ಪ್ರಾಣ ಎಷ್ಟು, ಎಲ್ಲಕ್ಕೂ ಅಂಕಿ ಹಾಕಬೇಕು, ಆಟದ ಪುಸ್ತಕದಲ್ಲಿ ಹಾಗೇ ಇದೆ, ಒಬ್ಬರೇ ಆಡುವ ಆಟ, ರಾಜ್ಯ ನಿನ್ನದೇ, ದಾರಿ ನಿನ್ನದೇ, ಕಾಡಿನಲ್ಲಿ ಏನು ಎದುರಾಯಿತೆಂದು ದಾಳ ಹೇಳುತ್ತದೆ, ನೀನು ಬರೆದುಕೊಂಡು ಹೋಗುವುದು, ಮೊದಲು ಹೀಗೆ ಒಬ್ಬಳೇ ಆಡುತ್ತಿರಲಿಲ್ಲ, ಜೆ.ಪಿ. ನಗರದಲ್ಲಿ ಗೆಳತಿ ಹೇಮಶ್ರೀಯ ಮನೆ ತಾರಸಿಯಲ್ಲಿ ಐದು ಜನ, ಪ್ರತಿ ಶನಿವಾರ, ಹೇಮಶ್ರೀ ಕಥೆ ನಡೆಸುತ್ತಿದ್ದಳು, ಶನಿವಾರಗಳು ಸೂಜಿಗೆ ಹೋದ ಮೇಲೆ, ನಿನಗೋಸ್ಕರ ಭಾನುವಾರ ಮಾಡ್ಕೊಳೋಣ ಬಿಡೇ ಅಂದರು, ಎರಡು ಭಾನುವಾರ ಆಯಿತು, ಮೂರನೆಯದಕ್ಕೆ ಆಟದ ಯುದ್ಧದ ಮಧ್ಯೆಯೇ ಸುರಭಿ ನಿದ್ದೆ ಹೋಗಿಬಿಟ್ಟಳು, ಎದ್ದಾಗ ಯಾರೋ ಹೊದಿಕೆ ಹೊದಿಸಿದ್ದರು, ಅವಳು ಆಡುತ್ತಿದ್ದ ಪಾತ್ರ, ಆ ಮಂತ್ರವಾದಿಯನ್ನು, ಒಂದು ಮರದ ಕೆಳಗೆ ಕೂರಿಸಿ ಉಳಿದ ನಾಲ್ವರು ಕೋಟೆ ಗೆದ್ದಿದ್ದರು, ಆಮೇಲೆ ಯಾರೂ ಕರೆಯಲಿಲ್ಲ, ಇವಳೂ ಕೇಳಲಿಲ್ಲ, ಅವನು ಇನ್ನೂ ಅಲ್ಲೇ ಕೂತಿರಬೇಕು ಪಾಪ — ಮನೆ ನಿಯಮಗಳು ಅಂತ ಇನ್ನೊಂದು ಪುಟದಲ್ಲಿ ಬರೆದು ಗೆರೆ ಎಳೆದಳು, ಪುಸ್ತಕದ ನಿಯಮ ಒಗ್ಗದಿದ್ದರೆ ನಮ್ಮ ಮನೆಗೆ ಬೇಕಾದ ಹಾಗೆ ನಾವೇ ಮಾಡಿಕೊಳ್ಳಬಹುದು, ಒಂದು, ಈ ರಾಜ್ಯದಲ್ಲಿ ನೀರಿಗೆ ಅಳತೆ ಇಲ್ಲ, ನಾಯಕಿ ಎಷ್ಟು ಬೇಕಾದರೂ ಕುಡಿಯಬಹುದು, ಬಾವಿಗೆ ಬಾಯಿ ಹಚ್ಚಿ ಕುಡಿಯಬಹುದು, ಬರೆಯುತ್ತಿದ್ದ ಹಾಗೇ ನಾಲಿಗೆ ಒಣಗಿತು, ಅವಳಿಗೆ ದಿನಕ್ಕೆ ಮೂರೇ ಲೋಟ, ಮಾತ್ರೆ ನುಂಗುವ ನೀರೂ ಸೇರಿ, ಏನವ್ವಾ ಅಷ್ಟೊಂದು ಬರೀತಿದ್ದೀಯ, ಪರೀಕ್ಸೆಗಾ, ಪಕ್ಕದ ಮಂಚದ ಗುಂಡಣ್ಣ, ವಸಂತಪುರದವನು, ಹಿಂದೆ ರಾಗಿ ಬೆಳೆದ ಜಾಗದಲ್ಲಿ ಈಗ ನಾಲ್ಕು ಮಹಡಿ ಕಟ್ಟಿಸಿ ಬಾಡಿಗೆಗೆ ಬಿಟ್ಟಿರುವ ಗೌಡ, ಆಟ ಅಂಕಲ್, ಕಥೆ ಥರದ್ದು, ಒಬ್ಬಳೇ ಆಡೋದು, ಒಬ್ಳೇಯಾ, ಎದುರಾಳಿ ಯಾರು ಮತ್ತೆ, ಯಾರೂ ಇಲ್ಲ, ಹಂಗಾದ್ರೆ ಮೋಸ ಮಾಡೋದು ಯಾರಿಗವ್ವಾ, ಅಂತ ಅವನು ನಕ್ಕ, ನನ್ನೂ ಹಾಕ್ಕೋ ಅದ್ರಲ್ಲಿ, ಕುದ್ರೆ ನೋಡ್ಕೊಂಡಿರ್ತೀನಿ, ಯುದ್ಧಗಿದ್ಧ ನಂಕೈಲಾಗಲ್ಲ, ಅಷ್ಟರಲ್ಲಿ ಟೆಕ್ನೀಷಿಯನ್ ಚೈತ್ರ ಬಂದಳು, ಕುದುರೆ ಇರಲಿ ಅಂಕಲ್, ಎರಡು ದಿನಕ್ಕೆ ನಾಲ್ಕು ಕೇಜಿ ನೀರು ತುಂಬಿಸ್ಕೊಂಡು ಬಂದಿದ್ದೀರಲ್ಲ, ಏನು ಕುಡಿದ್ರಿ ನಿಜ ಹೇಳಿ, ಮಜ್ಜಿಗೆ ಕಣವ್ವ, ಎಷ್ಟು, ಒಂದೇ ಒಂದು ಲೋಟ, ಲೋಟಾನಾ ಚೊಂಬಾ, ಗುಂಡಣ್ಣ ಗೋಡೆ ಕಡೆ ತಿರುಗಿಕೊಂಡ, ಸುರಭಿ ನೋಟ್‌ಬುಕ್ಕಿನಲ್ಲಿ ಬರೆದಳು, ಕುದುರೆ ಕಾಯುವವನು, ಹೆಸರು ಗುಂಡಣ್ಣ, ಮಜ್ಜಿಗೆಗೆ ಅಡ್ಡಿಯಿಲ್ಲ.

ಎರಡನೇ ನಿಯಮ ಕಷ್ಟದ್ದು, ಒಬ್ಬಳೇ ಆಡುವಾಗ ಹೌದೋ ಅಲ್ಲವೋ ಅಂತ ಕೇಳುವುದು ಯಾರನ್ನು, ಬಾಗಿಲಿಗೆ ಬೀಗ ಹಾಕಿದೆಯಾ, ಮುದುಕಿ ಸುಳ್ಳು ಹೇಳುತ್ತಿದ್ದಾಳಾ, ಹೇಮಶ್ರೀ ಇದ್ದರೆ ಹೇಳುತ್ತಿದ್ದಳು, ಇಲ್ಲಿ ಇಪ್ಪತ್ತು ಮುಖದ ದಾಳವನ್ನೇ ಕೇಳಬೇಕು, ಹತ್ತಕ್ಕಿಂತ ಹೆಚ್ಚು ಬಿದ್ದರೆ ಹೌದು, ಕಮ್ಮಿ ಬಿದ್ದರೆ ಅಲ್ಲ, ಇದೇನು ಹೊಸದಲ್ಲ, ಅಮ್ಮನೂ ಇದನ್ನೇ ಆಡುವುದು, ಕನಕಪುರ ರಸ್ತೆಯಲ್ಲಿ ಒಳಗೆ ಹೋದರೆ ಮನೆದೇವರ ಗುಡಿ, ದೇವಿಯ ವಿಗ್ರಹಕ್ಕೆ ಹೂ ಮೆತ್ತಿಸಿ ಮನಸ್ಸಿನಲ್ಲಿ ಪ್ರಶ್ನೆ ಇಟ್ಟು ಕಣ್ಣು ಮುಚ್ಚದೆ ಕೂತಿರಬೇಕು, ಬಲಗಡೆ ಹೂ ಬಿದ್ದರೆ ಆಗುತ್ತೆ, ಎಡಗಡೆ ಬಿದ್ದರೆ ಆಗಲ್ಲ, ಅಪ್ಪ ಹೋದ ಮೇಲೆ ಮನೆಯ ಸಣ್ಣಪುಟ್ಟದ್ದಕ್ಕೂ ಅಮ್ಮ ಅಲ್ಲಿಗೇ ಹೋಗುವುದು, ಕಳೆದ ವರ್ಷ ಡಾಕ್ಟರು ಫಾರ್ಮ್ ಕೊಟ್ಟರು, ತೀರಿಹೋದವರ ಕಿಡ್ನಿ ಹಂಚುವ ಪಟ್ಟಿ ಇದೆ, ಹೆಸರು ಬರೆಸಿಬಿಡಿ ಮೇಡಂ, ವರ್ಷಗಟ್ಟಲೆ ಕಾಯಬೇಕಾಗುತ್ತೆ, ಅದಕ್ಕೇ ಈವತ್ತೇ ಬರೆಸಿ, ಮನೆಯವರು ಯಾರಾದರೂ ಕೊಟ್ಟರೆ ಆಗ ತೆಗೆಸಬಹುದು, ಅಮ್ಮನಿಗೆ ಸಕ್ಕರೆ ಕಾಯಿಲೆ, ಅಮ್ಮನದು ಆಗುವುದಿಲ್ಲ, ಅಂದರೆ ಉಳಿದವನು ತಮ್ಮ ಸುಶ್ರುತ, ಅಮ್ಮ ಫಾರ್ಮ್ ಹಿಡಿದುಕೊಂಡು ಸೀದಾ ಗುಡಿಗೆ ಹೋದಳು, ತಾಯೀ, ಮನೆಯೊಳಗೇ ಆಗುತ್ತಾ ಹೊರಗಿನವರ ಹಂಗು ಬೇಕಾ, ಅರ್ಧ ಗಂಟೆ ಕೂತಿದ್ದಳಂತೆ, ಸೇವಂತಿಗೆ ಬಲಗಡೆಯಿಂದ ಜಾರಿ ಪಾದದ ಮೇಲೆ ಬಿತ್ತಂತೆ, ಅರ್ಚಕರೂ ನೋಡಿದರಂತೆ, ಮನೆಗೆ ಬಂದವಳೇ ಬಾಗಿಲಲ್ಲೇ ಅತ್ತಳು, ಹೂ ಆಯ್ತು ಕಣೇ ಸುರಭೀ, ನಮ್ಮ ಸುಶ್ರುನೇ, ಇನ್ನು ಆ ಪಟ್ಟಿಗಿಟ್ಟಿ ಬೇಡ, ಹೂ ಕೊಟ್ಟ ಮೇಲೂ ಹೆಸರು ಬರೆಸಿದರೆ ತಾಯಿಯನ್ನ ನಂಬಲಿಲ್ಲ ಅಂತಾಗುತ್ತೆ, ಫಾರ್ಮ್ ಕ್ಯಾಲೆಂಡರಿನ ಹಿಂದೆ ಸೇರಿತು, ಎಂಟು ತಿಂಗಳು, ಸುರಭಿಯೂ ತೆಗೆಯಲಿಲ್ಲ, ಅವಳಿಗೂ ಬೇಕಾಗಿತ್ತು ಆ ಹೂವು, ಅಜ್ಜಿಯ ಕಥೆಯಲ್ಲಿ ಹೂವು ಸುಳ್ಳು ಹೇಳಿದ್ದೇ ಇಲ್ಲ, ಆ ದಿನ ಸುಶ್ರುತ ಬನಶಂಕರಿಯ ಕೋರ್ಟಿನಲ್ಲಿ ಮಕ್ಕಳಿಗೆ ಬ್ಯಾಡ್ಮಿಂಟನ್ ಕಲಿಸಿ ಬೆವರುತ್ತಾ ಬಂದ, ಅಮ್ಮ ಅವನ ಬಾಯಿಗೆ ಸಕ್ಕರೆ ಹಾಕಿದಳು, ಏನಕ್ಕಮ್ಮಾ ಅಂದ, ಹೂ ಆಯ್ತು ಕಣೋ ಅಂದಳು, ಅವನು ಸಕ್ಕರೆ ನುಂಗಿದ, ದೇವಿಯನ್ನು ಕೇಳಿದ್ದಾಯಿತು, ಸುಶ್ರುತನನ್ನು ಯಾರೂ ಕೇಳಲಿಲ್ಲ — ಎರಡು, ಬರೆದಳು, ಯಾರ ಮೈಯ ಮಾತೋ ಅವರನ್ನೇ ಕೇಳತಕ್ಕದ್ದು, ಬರೆದು, ಆಟದಲ್ಲಿ ಇದಕ್ಕೇನು ಅರ್ಥ ಅಂತ ಹೊಡೆದು ಹಾಕಿದಳು.

ಟೆಸ್ಟುಗಳೆಲ್ಲ ಹೊಂದಿದವು, ರಕ್ತ ಹೊಂದಿತು, ಸ್ಕ್ಯಾನು ಹೊಂದಿತು, ಸಖತ್ ಮ್ಯಾಚ್ ಇದು ಅಂತ ಆಸ್ಪತ್ರೆಯ ಕೋಆರ್ಡಿನೇಟರ್ ಹೆಂಗಸು ಪೆನ್ನು ಕುಣಿಸಿದ್ದಳು, ಇನ್ನೊಂದೇ ಬಾಕಿ, ಕೊಡುವವರ ಹತ್ತಿರ ಡಾಕ್ಟರು ಪ್ರತ್ಯೇಕವಾಗಿ ಮಾತಾಡ್ತಾರೆ, ಮನೆಯವರು ಯಾರೂ ಇರೋ ಹಾಗಿಲ್ಲ, ಒಳಗೆ ಏನು ಮಾತಾಯ್ತು ಅಂತ ಯಾವತ್ತೂ ಹೊರಗೆ ಹೇಳಲ್ಲ, ಅವರಿಗೆ ಇಷ್ಟ ಇಲ್ಲ ಅಂದ್ರೂ ನಾವು ಮನೆಯವರಿಗೆ ವೈದ್ಯಕೀಯ ಕಾರಣಕ್ಕೆ ಆಗಲ್ಲ ಅಂತಷ್ಟೇ ಹೇಳೋದು, ಎಲ್ಲರಿಗೂ ಹೇಳುವ ಮಾತನ್ನೇ ಆಕೆ ಹೇಳಿದ್ದು, ಅಮ್ಮ ಆಗ ಬಿಲ್ಲಿಂಗ್ ಕೌಂಟರಿನ ಹತ್ತಿರ ಇದ್ದಳು, ಕೇಳಿಸಿಕೊಂಡಿದ್ದು ಅಕ್ಕ ತಮ್ಮ ಇಬ್ಬರೇ, ಸುಶ್ರುತ ತನ್ನ ಶೂಸಿನ ದಾರ ನೋಡುತ್ತಿದ್ದ, ಮೂರು ವಾರದ ಹಿಂದೆ ಅದು, ನಿನ್ನೆ ಅವನೊಬ್ಬನೇ ಹೋಗಿ ಮಾತಾಡಿ ಬಂದ, ರಾತ್ರಿ ಊಟ ಬೇಡ ಅಂದ, ಈವತ್ತು ಮೂರು ಗಂಟೆಗೆ ಡಾಕ್ಟರು ಅಮ್ಮನನ್ನು ಕರೆದಿದ್ದಾರೆ, ಅಲ್ಲಿಂದ ಇಬ್ಬರೂ ಸೀದಾ ಇಲ್ಲಿಗೆ ಬರುತ್ತಾರೆ, ಆಗಲೇ ಮೂರೂ ಮುಕ್ಕಾಲು, ಪ್ರಾಣಕ್ಕೆ ಎಷ್ಟು ಅಂಕಿ ಹಾಕುವುದು, ಹನ್ನೆರಡು, ಹತ್ತು, ಪುಸ್ತಕದಲ್ಲಿ ಹತ್ತರಿಂದ ಶುರು, ಬಾಗಿಲು ತೆರೆಯಿತು, ಅಮ್ಮನ ಚಪ್ಪಲಿ ಸದ್ದು, ಅಮ್ಮ ಅತ್ತು ಮುಖ ತೊಳೆದುಕೊಂಡು ಬಂದಿದ್ದಾಳೆ, ಹಣೆ ಇನ್ನೂ ಒದ್ದೆ, ಆಗಲ್ವಂತೆ ಕಣೇ, ಏನೋ ತೊಂದರೆ ಇದೆಯಂತೆ, ವೈದ್ಯಕೀಯ ಕಾರಣ ಅಂತಾರೆ, ಬಿಡಿಸಿ ಹೇಳಿ ಅಂದ್ರೆ ಹೇಳಲ್ಲ, ಪಾಪ ನಮ್ಮ ಸುಶ್ರು, ಕೊಡಬೇಕು ಅಂತ ಎಷ್ಟು ಆಸೆ ಇಟ್ಕೊಂಡಿದ್ದ, ನೀನೇ ಸಮಾಧಾನ ಮಾಡೇ ಅವನಿಗೆ, ಶುಕ್ರವಾರ ಇನ್ನೊಂದು ಸಲ ಹೋಗಿ ತಾಯಿ ಹತ್ರ ಹೂ ಕೇಳ್ತೀನಿ, ನಾನೇ ಏನೋ ತಪ್ಪು ಕೇಳಿರಬೇಕು, ಅಂತ ಅಮ್ಮ ಅವಳ ಹಣೆ ಮುಟ್ಟಿ, ಆ ಪಟ್ಟಿಗೆ ಈಗ ಬರೆಸಿದರೆ ಎಷ್ಟು ವರ್ಷ ಅಂತ ಚೈತ್ರಳನ್ನು ಕೇಳಲು ಹೋದಳು, ಎಂಟು ತಿಂಗಳು, ಸುರಭಿಯ ಮನಸ್ಸು ಬರೀ ಅಷ್ಟನ್ನೇ ಹೇಳುತ್ತಿತ್ತು, ಅಮ್ಮನ ಬೆನ್ನ ಹಿಂದೆ ಬಾಗಿಲಲ್ಲಿ ಸುಶ್ರುತ, ಒಳಗೆ ಬಂದಿಲ್ಲ, ಕೋರ್ಟಿನ ಟೀ ಶರ್ಟು, ಒಂದು ಕೈಯಲ್ಲಿ ಪುಟ್ಟ ಡಬ್ಬಿ, ಇನ್ನೊಂದು ಕೈ ಹಿಂದಕ್ಕೆ ಹೋಗಿದೆ, ಸೊಂಟದ ಮೇಲೆ, ಪಕ್ಕೆಲುಬು ಮುಗಿಯುವಲ್ಲಿ, ಕಿಡ್ನಿ ಇರುವ ಜಾಗದಲ್ಲಿ, ಅಂಗೈ ಅಗಲಿಸಿ ಒತ್ತಿ ಹಿಡಿದುಕೊಂಡಿದ್ದಾನೆ, ನೋವಿರುವವರು ಹಿಡಿದುಕೊಳ್ಳುವ ಹಾಗಲ್ಲ, ಬಸ್ಸಿನಲ್ಲಿ ಜೇಬಿನ ಮೇಲೆ ಕೈಯಿಟ್ಟುಕೊಳ್ಳುತ್ತಾರಲ್ಲ, ಹಾಗೆ.

ಅಕ್ಕಾ, ಅಂತ ಬಂದು ಸ್ಟೂಲಿನ ಮೇಲೆ ಕೂತ, ಡಬ್ಬಿ ಮುಂದಿಟ್ಟ, ನೀನು ಕೇಳಿದ್ದೆಯಲ್ಲ, ಇಪ್ಪತ್ತು ಮುಖದ್ದು, ಏಳು ದಾಳ ಇದೆ ಸೆಟ್ಟಲ್ಲಿ, ನೀಲಿ ಅಂದಿದ್ದೆ, ಹಸಿರು ಮಾತ್ರ ಇತ್ತು, ಚೆನ್ನಾಗಿದೆಯಾ, ಸಖತ್ತಾಗಿದೆ ಕಣೋ, ಅವನ ಕಣ್ಣು ಕೊಳವೆಯ ಮೇಲೆ, ಅವಳ ಕಣ್ಣು ದಾಳದ ಮೇಲೆ, ಯಾವಾಗಿಂದ ಶುರು ಆಟ, ಗೊತ್ತಿಲ್ಲ ಇನ್ನೂ ಹೆಸರೇ ಇಟ್ಟಿಲ್ಲ, ಅಕ್ಕಾ ನಾನು ನಿನ್ನೆ, ಬಿಡೋ ಸುಶ್ರು, ಇಲ್ಲ ನಾನು, ಬಿಡೋ ಅಂದ್ನಲ್ಲ, ಈಗ ಕೇಳಬಹುದಿತ್ತು, ಯಾರೂ ಕೇಳದೇ ಇದ್ದದ್ದನ್ನು ಒಂದು ಸಲ ನೆಟ್ಟಗೆ ಕೇಳಬಹುದಿತ್ತು, ನಿನಗೆ ಇಷ್ಟ ಇರಲಿಲ್ಲವಾ, ಭಯವಾಯಿತಾ, ಆಡೋ ಮೈಯಿ ನಿನ್ನದು, ಇಪ್ಪತ್ಮೂರು ವರ್ಷ, ಹೌದು ಅಂದರೆ ಹೌದು, ಆದರೆ ಕೇಳಿದರೆ ಅವನು ಹೇಳಿಬಿಡುತ್ತಾನೆ, ಹೇಳಿದ ಮೇಲೆ ಇಬ್ಬರೂ ಅದೇ ಮನೆಯಲ್ಲಿ ಕೂತು ಅದೇ ಸಾರು ಉಣ್ಣಬೇಕು, ಅದಕ್ಕೆ ಕೇಳಲಿಲ್ಲ, ಡಬ್ಬಿಯಿಂದ ಒಂದು ದಾಳ ಜಾರಿ ನೆಲಕ್ಕೆ ಬಿದ್ದು ಗುಂಡಣ್ಣನ ಮಂಚದ ಕೆಳಗೆ ಉರುಳಿತು, ಎಷ್ಟು ಬಿತ್ತವ್ವಾ ಅಂದ ಗುಂಡಣ್ಣ, ಸುಶ್ರುತ ಬಗ್ಗಿದ, ಬಗ್ಗುವಾಗಲೂ ಒಂದೇ ಕೈಯಲ್ಲಿ ತಡಕಿದ, ಇನ್ನೊಂದು ಕೈ ಮತ್ತೆ ಅಲ್ಲೇ ಹೋಯಿತು, ಸೊಂಟದ ಮೇಲೆ, ಅವನಿಗೇ ಗೊತ್ತಿಲ್ಲ ಆ ಕೈ ಅಲ್ಲಿದೆ ಅಂತ, ಅಂಗೈ.

ಹೋದರು ಇಬ್ಬರೂ ಕಾಫಿಗೆ, ಐದೂವರೆಗೆ ಬರುತ್ತಾರೆ, ನೋಟ್‌ಬುಕ್ಕು, ಪೆನ್ಸಿಲ್ಲು, ಮೂರನೇ ನಿಯಮ, ನಾಯಕಿ ಒಬ್ಬಳೇ ಹೋಗತಕ್ಕದ್ದು, ಯಾರನ್ನೂ ಜೊತೆಗೆ ಕರೆಯುವ ಹಾಗಿಲ್ಲ, ಕುದುರೆಯವನು ಊರಬಾಗಿಲ ತನಕ ಮಾತ್ರ, ಅಜ್ಜಿ ಕಥೆ ಹೇಳುವಾಗ ಗಿಳಿಯನ್ನು ಕೊಂದು ರಾಕ್ಷಸನನ್ನು ಸಾಯಿಸಿದ ಜಾಗಕ್ಕೆ ಬಂದರೆ ಸುಶ್ರುತ ತುತ್ತು ಉಗುಳಿ ಅಳುತ್ತಿದ್ದ, ನಾಲ್ಕು ವರ್ಷ ಅವನಿಗೆ, ಗಿಳಿ ಏನು ಮಾಡಿತ್ತಜ್ಜಿ, ಗಿಳಿಗೆ ಅದರದ್ದೇ ಪ್ರಾಣ ಇರಲಿಲ್ವಾ, ಅಂತ, ಅಜ್ಜಿ ಇನ್ನೊಂದು ತುತ್ತು ಕಲೆಸುತ್ತಿದ್ದಳು, ನೆನಪಾಗಬಾರದಿತ್ತು ಇದು, ಈಗ ಕೋಪ ಮಾಡಿಕೊಳ್ಳುವುದಕ್ಕೂ ಆಗುವುದಿಲ್ಲ, ನಾಲ್ಕನೇ ನಿಯಮ, ನಾಯಕಿ ಸತ್ತರೆ ಅದೇ ಪುಟದಿಂದ ಮತ್ತೆ ಶುರು ಮಾಡಬಹುದು, ಬೇಡ, ಮಾಡಬಾರದು, ಹಾಗೆ ಮಾಡಿದರೆ ಆಟವೇ ಅಲ್ಲ, ಬಿಪಿ ಬೀಳ್ತಿದೆ ಸುರಭಿ, ಕಾಲು ಮೇಲೆ ಮಾಡ್ತೀನಿ, ಚೈತ್ರಳ ದನಿ ಯಾವುದೋ ಕೋಣೆಯಿಂದ ಬಂದಂತೆ, ತಲೆ ಸುತ್ತುತ್ತಿದೆಯಾ, ಇಲ್ಲ ಚೈತ್ರಕ್ಕ, ಹೂಂ, ಸ್ವಲ್ಪ, ಕಿಟಕಿಯಾಚೆ ಹೊಂಗೆ ಮರದ ಎಲೆ ಹಸಿರು ಹೋಗಿ ಬೆಳ್ಳಗೆ, ಪ್ರಾಣ ಹತ್ತು ಅಂತ ಬರೆದಿದ್ದಳೋ ಇಲ್ಲವೋ, ಹೆಸರು ಏನಿಡುವುದು, ರಸ್ತೆಯ ಆ ಕಡೆ ಕಾಫಿ ಅಂಗಡಿಯ ಮುಂದೆ ಸುಶ್ರುತ ನಿಂತಿದ್ದಾನೆ, ಕಾಣುತ್ತಾನೆ ಇಲ್ಲಿಂದ, ಅಮ್ಮ ಲೋಟ ಕೊಡುತ್ತಿದ್ದಾಳೆ, ಬಲಗೈಯಲ್ಲಿ ತೆಗೆದುಕೊಂಡ, ಎಡಗೈ, ಬೇಡ ಅತ್ತ ನೋಡಬಾರದು, ಐದನೇ ನಿಯಮ, ಐದನೇ ನಿಯಮ ಏನಂದರೆ, ಎಡಗೈ ಬೆನ್ನ ಹಿಂದೆ, ಸೊಂಟದ ಮೇಲೆ, ಐದು ಬೆರಳೂ ಅಗಲಿಸಿ, ಐದನೇ ನಿಯಮ, ನಾಯಕಿ, ನಾಯಕಿಯ ಹೆಸರು, ಅಂಗೈ, ಟೀ ಶರ್ಟಿನ ಮೇಲೆ ಒತ್ತಿ ಹಿಡಿದ, ಅಂಗೈ —