ಗೊಬ್ಬರದ ಕೈ

ಗಂಡ ತೀರಿಕೊಂಡ ಮೇಲೆ ಊರಿನವರು ಪಾಲಮ್ಮನ ಕೈಯಿಂದ ಬೀಜ ಕಿತ್ತುಕೊಂಡು ಗೊಬ್ಬರ ಕೊಟ್ಟರು. ಅದಕ್ಕೆ ಮೊದಲು ಅಗಳಿ ಊರಿನ ಸುತ್ತಿನ ಹೊಲಗಳಲ್ಲಿ ಎತ್ತು ಎಳೆಯೋ ಕೂರಿಗೆ ಹಿಂದೆ ಕಡ್ಲೆಕಾಯಿ ಬೀಜ ಬಿಡೋಕೆ ಪಾಲಮ್ಮನೇ ಬೇಕು ಅಂತ ಹೇಳಿ ಕಳಿಸೋರು. ಅವಳು ಬಿಟ್ಟ ಸಾಲಿನಲ್ಲಿ ಸಂದು ಹುಡುಕಿದರೂ ಸಿಗಲ್ಲ ಅನ್ನೋರು. ಈಗ ಬೀಜಕ್ಕೆ ಮುತ್ತೈದೆ ಕೈ ಬೇಕಂತೆ, ಗೊಬ್ಬರಕ್ಕೆ ಯಾರ ಕೈಯಾದರೂ ನಡೆಯುತ್ತಂತೆ. ಇದೆಂಥ ಶಾಸ್ತ್ರವೋ ಆ ದೇವರಿಗೇ ಗೊತ್ತು. ಬಿಡುವವಳ ಹಣೆ ನೋಡಿ ಮೊಳೆಯೋಕೆ ಬೀಜಕ್ಕೇನು ಕಣ್ಣಿದೆಯೇ? ಪಾಲಮ್ಮ ಜಗಳ ಆಡಲಿಲ್ಲ. ಮಕ್ಕಳಿಲ್ಲ, ಮರಿಯಿಲ್ಲ, ಜಗಳ ಆಡಿದರೆ ಬೆನ್ನಿಗೆ ನಿಲ್ಲೋರಾದರೂ ಯಾರು? ಕೊಟ್ಟಿದ್ದನ್ನು ಮಡಿಲಿಗೆ ಕಟ್ಟಿಕೊಂಡಳು.

ಗೊಬ್ಬರ ಬಿಡೋದು ಸುಲಭ ಅನ್ನೋರು ಒಂದು ಮಧ್ಯಾಹ್ನ ಬಿಟ್ಟು ನೋಡಲಿ. ಕೂರಿಗೆಗೆ ಎರಡು ಬಟ್ಟಲು, ಒಂದು ಬೀಜಕ್ಕೆ, ಒಂದು ಡಿಎಪಿಗೆ. ಬೀಜ ಒಂದು ಗೆರೆಯಲ್ಲಿ ಬಿದ್ದರೆ ಗೊಬ್ಬರ ಎರಡು ಬೆರಳು ಆಚೆ, ಒಂದಿಷ್ಟು ಆಳಕ್ಕೆ ಬೀಳಬೇಕು. ಬೇರು ಇಳಿದ ಮೇಲೆ ತಾನೇ ಹುಡುಕಿಕೊಂಡು ಹೋಗಿ ಉಣ್ಣುತ್ತದೆ. ಎಳೆಯ ಬೀಜಕ್ಕೆ ಅದು ನೇರವಾಗಿ ತಾಗಿತೋ, ಮೊಳಕೆ ಮಣ್ಣಲ್ಲೇ ಸುಟ್ಟುಹೋಯಿತು ಅಂತಲೇ ಲೆಕ್ಕ. ಅದಕ್ಕೇ ಇಬ್ಬರು ಹೆಂಗಸರು ಅಕ್ಕಪಕ್ಕ ಬಗ್ಗಿ, ಎತ್ತಿನ ನಡಿಗೆಗೆ ತಮ್ಮ ನಡಿಗೆ ಹೊಂದಿಸಿಕೊಂಡು, ಒಂದೇ ಹದದಲ್ಲಿ ಕೈ ಆಡಿಸಬೇಕು. ಹಾಗೆ ದಿನವಿಡೀ ಜೊತೆಗೆ ನಡೆದವರು ಮಾತಾಡದೆ ಇರೋಕಾಗುತ್ತದೆಯೇ?

ಮಂಜುಳ ಪಾಲಮ್ಮನಿಗೆ ಹತ್ತಿರವಾಗಿದ್ದು ಹಾಗೆಯೇ. ಅವಳು ಜುಂಜಣ್ಣನ ಸೊಸೆ, ರಾಯದುರ್ಗದ ಆಚೆಯ ಹುಡುಗಿ, ಮದುವೆಯಾಗಿ ಬಂದು ವರ್ಷವಾಗಿತ್ತು. ಕಡ್ಲೆಕಾಯಿಗೆ ಶೇಂಗಾ ಅನ್ನೋಳು, ಬನ್ನಿ ಅನ್ನೋಕೆ ಬರ್ರಿ ಅನ್ನೋಳು. ಅತ್ತೆ ಲಕ್ಷ್ಮಿದೇವಿ ಅದನ್ನೇ ಅಣಕಿಸಿ ಬೀದಿಯನ್ನೆಲ್ಲ ನಗಿಸೋಳು. ಗಂಡ ಹಿಂದೂಪುರದ ಫ್ಯಾಕ್ಟರಿಯಲ್ಲಿ, ವಾರಕ್ಕೊಮ್ಮೆ ಮುಖ ತೋರಿಸೋನು. ಹೀಗಾಗಿ ಸಂಜೆಯಾದರೆ ಮಂಜುಳ ಸೊಪ್ಪು ಬಿಡಿಸುವ ನೆಪ ಮಾಡಿಕೊಂಡು ಪಾಲಮ್ಮನ ಹೊಸ್ತಿಲ ಮೇಲೆ ಬಂದು ಕೂರೋಳು. ತವರಿನ ಬಾವಿ, ತಮ್ಮನ ಕಳ್ಳಾಟ, ಅತ್ತೆಯ ಗೊರಕೆ, ಎಲ್ಲವೂ ಅಲ್ಲಿ ಮಾತಾಗಿ ಬರೋದು. ಪಾಲಮ್ಮ ಹೊಟ್ಟೆ ಹಿಡಿದುಕೊಂಡು ನಗೋಳು. ಹಗಲೆಲ್ಲ ಕುರಿ ಬಿಟ್ಟರೆ ಯಾರ ದನಿಯೂ ಕೇಳದ ಮನೆ ಅದು. ಈ ಹುಡುಗಿ ಬರೋದು ನಿಂತರೆ ತನ್ನ ಗತಿಯೇನು ಅಂತ ಪಾಲಮ್ಮನಿಗೆ ಒಳಗೊಳಗೇ ಭಯವಿತ್ತು.

ಈ ಸಲ ಮಳೆ ಹದವಾಗಿ ಬಿತ್ತು. ಜುಂಜಣ್ಣನ ಹೊಲದ ತುಂಬ ಕಲ್ಲು, ಟ್ರ್ಯಾಕ್ಟರಿನವರು ಒಲ್ಲೆ ಅಂದರು. ಬಾಡಿಗೆಗೆ ಕೂರಿಗೆ ಹೊಡೆಯೋ ಅಂಜಿ ತನ್ನ ಎತ್ತು ಕಟ್ಟಿಕೊಂಡು ಬಂದ. ಮಂಜುಳ ಬೀಜಕ್ಕೆ, ಪಾಲಮ್ಮ ಗೊಬ್ಬರಕ್ಕೆ. ಮಧ್ಯಾಹ್ನ ದಾಟಿ ಹುಣಸೆಮರದ ಕಡೆಯ ಅಂಚು ಮಾತ್ರ ಉಳಿದಿದ್ದಾಗ ಪಾಲಮ್ಮನಿಗೆ ಕಣ್ಣು ಕತ್ತಲೆ ಬಂತು.

"ಅಕ್ಕ, ನೀವು ನೆಳ್ಳಾಗ ಕುಂದ್ರಿ. ಉಳಿದಿದ್ದು ನಾಕು ಸಾಲು. ಎಲ್ಡೂ ನಾನ ಬಿಡ್ತೀನಿ," ಅಂದಳು ಮಂಜುಳ.

"ಬ್ಯಾಡ ಕಣವ್ವ, ಎರಡು ಬಟ್ಟಲು ಒಬ್ಬಳ ಕೈಲಾಗಲ್ಲ."

"ಆಗತೈತಿ, ನೀವು ಕುಂದ್ರಿ."

ದಣಿದಿದ್ದೀಯ, ಕೂತುಕೋ ಅಂತ ಪಾಲಮ್ಮನಿಗೆ ಒಬ್ಬರು ಹೇಳಿ ಎಷ್ಟು ಕಾಲವಾಗಿತ್ತೋ. ಆ ಮಾತಿಗೇ ಅವಳ ಕಣ್ಣು ತುಂಬಿತು. ಮರಕ್ಕೆ ಒರಗಿದವಳಿಗೆ ಹಾಗೇ ಜೊಂಪು ಹತ್ತಿತು. ಅಂಜಿಯ ಕಣ್ಣು ಎತ್ತಿನ ಕೊಂಬಿನ ಆಚೆ. ಹಿಂದೆ ಯಾರು ಏನು ಬಿಡುತ್ತಿದ್ದಾರೆ ಅಂತ ಅವನು ತಿರುಗಿ ನೋಡೋನಲ್ಲ. ಪಾಲಮ್ಮ ಎಚ್ಚರಗೊಂಡಾಗ ಬಿತ್ತನೆ ಮುಗಿದು ಎತ್ತು ಬಿಚ್ಚಿಯಾಗಿತ್ತು.

ವಾರ ಕಳೆಯಿತು. ಹೊಲವೆಲ್ಲ ಹಸಿರು ಕಣ್ಣು ಬಿಟ್ಟರೂ ಹುಣಸೆಮರದ ಕಡೆಯ ಪಟ್ಟಿ ಬರಿದಾಗಿತ್ತು. ಪಾಲಮ್ಮ ಕುರಿ ಹೊಡೆದುಕೊಂಡು ಹೋಗುವಾಗ ಅದನ್ನು ಕಂಡು, ಬಗ್ಗಿ ಬೆರಳಿನಿಂದ ಮಣ್ಣು ಕೆದಕಿದಳು. ಬೀಜ ಕಪ್ಪಗೆ ಕಮರಿತ್ತು, ಸುತ್ತ ಗೊಬ್ಬರದ ಕಾಳು ಕರಗಿ ಅಂಟಿಕೊಂಡಿತ್ತು. ಅವಳಿಗೆ ತಕ್ಷಣ ಗೊತ್ತಾಯಿತು. ಎರಡು ಬಟ್ಟಲಿಗೆ ಕೈ ಸಾಲದೆ ಹುಡುಗಿ ಬೀಜ, ಗೊಬ್ಬರ ಎರಡನ್ನೂ ಒಂದೇ ಮಡಿಲಲ್ಲಿ ಕಲಸಿಕೊಂಡು ಒಂದೇ ಬಟ್ಟಲಿಗೆ ಬಿಟ್ಟಿದ್ದಾಳೆ. ತಾನು ಕೂತಿದ್ದಕ್ಕೆ ಆದದ್ದು ಇದು.

ಅವತ್ತೇ ಮಧ್ಯಾಹ್ನ ಜುಂಜಣ್ಣ, ಲಕ್ಷ್ಮಿದೇವಿ, ಮಂಜುಳ ಬದುವಿನ ಮೇಲೆ ನಿಂತಿದ್ದರು. ಪಾಲಮ್ಮನಿಗೂ ಕರೆ ಹೋಗಿತ್ತು. ಲಕ್ಷ್ಮಿದೇವಿಗೆ ಒಂದು ಮಾತು ಬಾಯಿಪಾಠ: ಸೊಸೆಯಿಂದ ಒಂದು ಲೋಟ ಜಾರಿದರೂ "ನಿನ್ನ ರಾಯದುರ್ಗದ ಬಸ್ಸು ಹತ್ತಿಸ್ತೀನಿ" ಅನ್ನೋಳು. ಬದುವಿನ ಮೇಲೂ ಅದನ್ನೇ ಶುರು ಮಾಡಿದ್ದಳು. ಹುಡುಗಿ ನಿಜವಾಗಿಯೂ ಬಸ್ಸು ಹತ್ತಿ ಹೋದಂತೆ, ತನ್ನ ಹೊಸ್ತಿಲು ಖಾಲಿಯಾದಂತೆ ಪಾಲಮ್ಮನಿಗೆ ಕಂಡುಬಿಟ್ಟಿತು.

"ಗೊಬ್ಬರ ಬಿಟ್ಟಿದ್ದು ಯಾರು?" ಜುಂಜಣ್ಣ ಕೇಳಿದ.

"ನಾನೇ ಕಣಣ್ಣ," ಅಂದಳು ಪಾಲಮ್ಮ. "ಬಿಸಿಲಿಗೆ ತಲೆ ತಿರುಗ್ತು. ಬೀಜದ ಬಟ್ಟಲಿಗೇ ಗೊಬ್ಬರ ಬಿಟ್ಬಿಟ್ಟೆ."

ಲಕ್ಷ್ಮಿದೇವಿ ಸುಮ್ಮನಿರೋಳೇ? ಮುಂಡೆ ಕೈ ಹೊಲಕ್ಕೆ ಇಳಿಸಬೇಡ ಅಂತ ಬಡಕೊಂಡೆ, ನನ್ನ ಮಾತು ಕೇಳೋರ್ಯಾರು ಅಂತ ಊರಿಗೆಲ್ಲ ಕೇಳುವಂತೆ ಕೂಗಾಡಿದಳು. ಪಾಲಮ್ಮ ತಲೆ ತಗ್ಗಿಸಿ ನಿಂತಳು. ಮಂಜುಳ ಸೆರಗು ಬಾಯಿಗೆ ಒತ್ತಿಕೊಂಡು ಪಕ್ಕದಲ್ಲೇ ನಿಂತಿದ್ದಳು. ಹೋಗಲಿ, ಹುಡುಗಿ ಉಳಿದುಕೊಂಡಳಲ್ಲ ಅಂತ ಪಾಲಮ್ಮನಿಗೆ ಅಷ್ಟು ಬೈಗುಳದ ನಡುವೆಯೂ ಹಗುರವೆನಿಸಿತು. ಇನ್ನು ಮೇಲೆ ಬಿತ್ತನೆಗೆ ಯಾರೂ ಕರೆಯಲ್ಲ ಅಂತ ಗೊತ್ತಿತ್ತು. ಕರೆಯದಿದ್ದರೆ ಬೇಡ, ಕಳೆ ಕೀಳೋ ಕೆಲಸವಾದರೂ ಸಿಗುತ್ತದೆ.

ಸಂಜೆ ಮಂಜುಳ ಬರಲಿಲ್ಲ. ಅತ್ತೆ ತಡೆದಿರಬೇಕು ಅಂದುಕೊಂಡಳು. ಮಾರನೆಯ ದಿನವೂ ಇಲ್ಲ, ಆಮೇಲೂ ಇಲ್ಲ. ಜುಂಜಣ್ಣ ಆ ಪಟ್ಟಿಗೆ ಹುರುಳಿ ಎಸೆದ, ಹುರುಳಿ ಹುಟ್ಟಿತು, ಊರು ಆ ಸುದ್ದಿಯನ್ನೇ ಮರೆಯಿತು. ಪಾಲಮ್ಮ ಮಾತ್ರ ಸಂಜೆ ಹೊಸ್ತಿಲು ಗುಡಿಸಿ ಒಂದು ಪಕ್ಕಕ್ಕೆ ಸರಿದು ಕೂರೋಳು, ಇನ್ನೊಬ್ಬರಿಗೆ ಜಾಗ ಇರಲಿ ಅಂತ. ಮಂಜುಳ ಡೈರಿಗೆ ಹಾಲು ಹಾಕೋಕೆ ಈಗ ಪಾಲಮ್ಮನ ಮನೆ ಮುಂದಿನ ದಾರಿ ಬಿಟ್ಟು ಮೇಲಿನ ಬೀದಿಯಿಂದ ಸುತ್ತಿಕೊಂಡು ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಜುಂಜಣ್ಣನ ಮನೆಯಲ್ಲಿ ರಂಪವೋ ರಂಪ. ಮಂಜುಳ ಹಾಲಿನ ಕ್ಯಾನು ಉರುಳಿಸಿದ್ದಳಂತೆ. ಲಕ್ಷ್ಮಿದೇವಿಯ ಬಾಯಲ್ಲಿ ರಾಯದುರ್ಗದ ಬಸ್ಸು ಮತ್ತೆ ಬಂತು, ಅವಳ ಅಪ್ಪ ಅಮ್ಮನ ಜನ್ಮವೂ ಬಂತು. ಪಾಲಮ್ಮ ಆ ಮನೆಯ ಗೋಡೆ ಪಕ್ಕ ನಿಂತು ಕೇಳಿಸಿಕೊಂಡಳು. ಬಿಸಿಲು ಏರುವ ಹೊತ್ತಿಗೆ ಅದೇ ಲಕ್ಷ್ಮಿದೇವಿ "ಬಾರೆ, ಮುದ್ದೆ ತಣ್ಣಗಾಗ್ತದೆ" ಅಂತ ಸೊಸೆಯನ್ನು ಕೂಗುತ್ತಿದ್ದಳು. ಆ ಬಸ್ಸಿನ ಮಾತು ಇಷ್ಟೇನಾ? ಪಾಲಮ್ಮನಿಗೆ ನಗು ಬರಲಿಲ್ಲ.

ಅವತ್ತು ನೀರಿನ ಟ್ಯಾಂಕಿನ ಹತ್ತಿರ ಇಬ್ಬರೂ ಎದುರಾದರು. ಬೇರೆ ಯಾರೂ ಇರಲಿಲ್ಲ.

"ಯಾಕವ್ವ ಬರ್ತಿಲ್ಲ? ಅತ್ತೆ ಬ್ಯಾಡ ಅಂದ್ಲಾ?"

ಮಂಜುಳ ಇಲ್ಲವೆಂದು ತಲೆಯಾಡಿಸಿದಳು.

"ನೀನು ಊರಲ್ಲಿ ಉಳೀಲಿ, ದಿನಾ ಬರ್ಲಿ ಅಂತ ತಾನೇ ನಾನು ಹಂಗಂದಿದ್ದು."

"ನಾ ಹೇಳಬೇಕಂತ ಬಾಯಿ ತೆಗದಿದ್ದೆ ಅಕ್ಕ. ಅಷ್ಟರಾಗ ನೀವು ನಾನೇ ಅಂದ್ಬಿಟ್ರಿ. ಆಮ್ಯಾಲ ನನಗ ಧೈರ್ಯ ಸಾಲ್ಲಿಲ್ಲ. ನಿಮ್ಮನ್ನ ಹಂಗ ಬೈಯೋದು ಕೇಳ್ಕೊಂಡು ನಿಂತೆ." ಮಂಜುಳ ಅಳುತ್ತಿದ್ದಳು. "ಯಾವ ಮಕ ಹೊತ್ಕೊಂಡು ಬರ್ಲಿ ಹೇಳ್ರಿ? ನಿಮ್ಮನ್ನ ನೋಡಿದ್ರ ಅದ ನೆನಪಾಗತೈತಿ."

"ಬಿಡವ್ವ, ಆಗಿದ್ದು ಆಗೋಯ್ತು. ಬಾ."

ಮಂಜುಳ ಕಣ್ಣೊರೆಸಿಕೊಂಡಳು. ಕೊಡ ಸೊಂಟಕ್ಕೆ ಏರಿಸಿಕೊಂಡು ಮೇಲಿನ ಬೀದಿಯ ಕಡೆಗೇ ಹೋದಳು.

ಪಾಲಮ್ಮ ನಲ್ಲಿ ಹಿಡಿದುಕೊಂಡು ನಿಂತಳು. ಅವತ್ತು ತಾನು ಬಾಯಿ ಮುಚ್ಚಿಕೊಂಡಿದ್ದರೆ ಹುಡುಗಿಗೆ ಒಂದು ಮಧ್ಯಾಹ್ನದ ಬೈಗುಳ ಬೀಳೋದು. ಸಂಜೆ ಅದನ್ನೆಲ್ಲ ಹೇಳಿಕೊಂಡು ಅಳೋಕೆ ಅವಳು ತನ್ನ ಹತ್ತಿರವೇ ಬರೋಳು. ಬೇರೆ ಎಲ್ಲಿಗೆ ಹೋಗುತ್ತಿದ್ದಳು? ತನ್ನ ಭಯಕ್ಕೆ ತಾನೇ ಅವಳನ್ನು ಓಡಿಸಿದ್ದಾಯಿತು.

ಮನೆಗೆ ಬಂದು, ಬಾಗಿಲು ಹಾಕಿಕೊಂಡು ಅತ್ತಳು. ಗಂಡ ಸತ್ತಾಗಲೂ ಇಷ್ಟು ಅತ್ತಿರಲಿಲ್ಲ. ಅವತ್ತು ಸಮಾಧಾನ ಹೇಳೋಕೆ ಮನೆ ತುಂಬ ಜನ ಇದ್ದರು.