ದಪ್ಪಗಾದ ಕೊಳವೆ

ಉಕ್ಕಿನ ಕೊಳವೆ ವರ್ಷದಿಂದ ವರ್ಷಕ್ಕೆ ದಪ್ಪಗಾಗುವುದಿಲ್ಲ. ಇಷ್ಟನ್ನು ಎಲ್ಲರೆದುರು ಗಟ್ಟಿಯಾಗಿ ಹೇಳಲು ನನಗೆ ಬಾಯಿ ಬರಲಿಲ್ಲ. ಬೇರೆ ಎಲ್ಲದಕ್ಕೂ ಮಾತ್ರ ನನ್ನ ಬಾಯಿ ಮೂರು ಮಾರು ಉದ್ದ.

ಬಾಯ್ಲರಿನ ಕೊಳವೆಗಳ ಗೋಡೆ ಎಷ್ಟು ದಪ್ಪ ಉಳಿದಿದೆ ಎಂದು ಅಳೆಯುವುದು ನನ್ನ ಕೆಲಸ. ಅದು ಕ್ರೋಮಿಯಂ ಬೆರೆಸಿದ ಉಕ್ಕು. ಬೆಂಕಿಗೆ ಒಡ್ಡಿದರೆ ಮೈಮೇಲೆ ತಾನೇ ತೆಳ್ಳನೆಯ ಪೊರೆ ಕಟ್ಟಿಕೊಂಡು ತನ್ನನ್ನು ಕಾಯ್ದುಕೊಳ್ಳುತ್ತದೆ. ಕಾವು ಮಿತಿ ಮೀರಿತೋ, ಪೊರೆ ದಪ್ಪಗಾಗುತ್ತಾ ಒಳಗಿನ ಉಕ್ಕನ್ನೇ ತಿನ್ನತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ತಿಂದದ್ದೆಲ್ಲ ಕಪ್ಪು ಹಕ್ಕಳೆಯಾಗಿ, ಒಂದಕ್ಕೆರಡು ಉಬ್ಬಿಕೊಂಡು, ಉದುರಿದ್ದು ಉದುರಿ ಉಳಿದದ್ದು ಕೊಳವೆಗೇ ಅಂಟಿಕೊಂಡಿರುತ್ತದೆ. ಅದನ್ನು ಕೆರೆದು ತೆಗೆಯದೆ ದಪ್ಪ ಅಳೆಯುವ ಗೇಜು ಇಟ್ಟರೆ ಹಕ್ಕಳೆಯೂ ಉಕ್ಕಿನ ಲೆಕ್ಕಕ್ಕೇ ಬರುತ್ತದೆ. ಮೈಗೆ ಬಾವು ಬಂದವನನ್ನು ನೋಡಿ ಮೈಕೈ ತುಂಬಿಕೊಂಡಿದ್ದಾನೆ ಅಂದ ಹಾಗೆ. ಅದಕ್ಕೇ ನಾನು ಬೆಳ್ಳಗೆ ಹೊಳೆಯುವವರೆಗೆ ಕೆರೆದು ಅಳೆಯುತ್ತಿದ್ದೆ, ಜನ ನನ್ನನ್ನು ತುರಿಮಣೆ ಎಂದು ಕರೆಯುತ್ತಿದ್ದರು.

ಆ ವರ್ಷದ ತಪಾಸಣೆಗೆ ಬಾಯ್ಲರನ್ನು ಆರಿಸಿ ತಣ್ಣಗೆ ಮಾಡಿದಾಗ ಮೇಲಿನ ಸಾಲಿನ ಹನ್ನೊಂದನೆಯ ಕೊಳವೆ ಮೂರೂವರೆ ಮಿಲಿಮೀಟರ್ ತೋರಿಸಿತು. ಹೊಸದರಲ್ಲಿ ಆರಿತ್ತು. ನಾಲ್ಕಕ್ಕಿಂತ ಇಳಿದರೆ ಸಾಲನ್ನೇ ಬದಲಾಯಿಸಬೇಕು. ಆ ಕೊಳವೆಯ ಎದುರಿಗೇ ಬೆಂಕಿ ನೋಡುವ ಕಿಂಡಿ. ಗಂಟೆಗೊಮ್ಮೆ ಅದರ ಮುಚ್ಚಳ ತೆಗೆದು ಮುಖ ಒಡ್ಡುವವನು ನನ್ನ ಚಿಕ್ಕಪ್ಪನ ಮಗ, ನನಗೆ ತಮ್ಮ.

ವಿಭಾಗದ ಮುಖ್ಯಸ್ಥರು ನನ್ನ ಭಾವ, ಅಕ್ಕನ ಗಂಡ. ಮೂರು ತಿಂಗಳಲ್ಲಿ ನಿವೃತ್ತಿ. ಒಂಬತ್ತು ವರ್ಷವೂ ತಪಾಸಣೆ ಮುಗಿಸಿ ಹೇಳಿದ ದಿನಕ್ಕೇ ಬಾಯ್ಲರ್ ಹೊತ್ತಿಸಿದವರು ಎಂಬ ಹೆಸರು ಅವರದು. ಸಾಲು ಬದಲಾಯಿಸಲು ಇನ್ನೂ ಇಪ್ಪತ್ತು ದಿನ ಹೆಚ್ಚಿಗೆ ಬೇಕಿತ್ತು.

“ಕೆರೆದೂ ಕೆರೆದೂ ನೀನೇ ತೆಳ್ಳಗೆ ಮಾಡ್ತೀಯಲ್ಲೋ,” ಎಂದರು. ತಾವೇ ಏಣಿ ಹತ್ತಿ, ನಾನು ಕೆರೆಯದೆ ಬಿಟ್ಟ ಜಾಗದಲ್ಲಿ ಹಕ್ಕಳೆಯ ಮೇಲೇ ಗೇಜು ಒತ್ತಿ, ನಗುತ್ತಾ ಇಳಿದು ಬಂದರು. “ಆರು ಪಾಯಿಂಟ್ ಮೂರು. ಬರ್ಕೋ.”

“ಭಾವ, ಹೊಸದಿದ್ದಾಗ್ಲೇ ಇದ್ದಿದ್ದು ಆರು,” ಎಂದೆ, ಮೆಲ್ಲಗೆ.

“ಒಳ್ಳೇದೇ ಆಯ್ತಲ್ಲ! ನಮ್ಮ ಮನೆ ಅನ್ನ ಉಂಡು ಬೆಳೆದಿದೆ.”

ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅಳೆದವನ ಸಹಿಯಿಲ್ಲದೆ ಬಾಯ್ಲರ್ ಹೊತ್ತಿಸುವಂತಿಲ್ಲ. ಎರಡು ದಿನ ಅದೂ ಇದೂ ನೆಪ ಹೇಳಿ ತಪ್ಪಿಸಿಕೊಂಡೆ. ಮೂರನೆಯ ದಿನ ಬೆಳಿಗ್ಗೆ ಅಕ್ಕ ಮನೆಗೆ ಬಂದಳು. ಕುರ್ಚಿಯ ಮೇಲೆ ರಾಶಿ ಬಿದ್ದಿದ್ದ ನನ್ನ ಬಟ್ಟೆಗಳನ್ನು ಮಡಚುತ್ತಲೇ ಮಾತು ತೆಗೆದಳು. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳು.

“ಮೂರೇ ತಿಂಗಳು ಕಣೋ. ಮರ್ಯಾದೆಯಿಂದ ಹೊರಗೆ ಬರ್ಲಿ ಅವರು. ನಿನ್ನ ಹತ್ರ ಇವತ್ತಿನವರೆಗೆ ನಾನು ಏನಾದ್ರೂ ಕೇಳಿದ್ದೀನಾ?”

“ಅಕ್ಕಾ, ಅದು ಒಡೆದ್ರೆ ಎದುರಿಗಿರೋನು ನಮ್ಮ ತಮ್ಮ.”

“ಇಷ್ಟು ವರ್ಷ ಒಡೀದೇ ಇದ್ದಿದ್ದು ಮೂರು ತಿಂಗಳಲ್ಲಿ ಒಡೆಯುತ್ತಾ? ಬಿಡ್ತು ಅನ್ನು.”

ಅವಳು ಏನನ್ನೂ ಕೇಳಿರಲಿಲ್ಲ, ನಿಜ. ನನಗದು ನುಂಗಲಾರದ ತುತ್ತಾಯಿತು. ಮಧ್ಯಾಹ್ನ ಹೋಗಿ ಆರು ಪಾಯಿಂಟ್ ಮೂರರ ಕೆಳಗೆ ಸಹಿ ಹಾಕಿದೆ. ಮೂರೂವರೆ ಎಂದು ಬರೆದಿದ್ದ ಹಾಳೆಯನ್ನು ನಾನೇ ಹರಿದು ಬಿಸಾಡಿದೆ. ಹರಿ ಎಂದು ಯಾರೂ ಹೇಳಿರಲಿಲ್ಲ.

ಮೂರು ತಿಂಗಳು ಏನೂ ಆಗಲಿಲ್ಲ. ಭಾವನಿಗೆ ಭಾಷಣ, ಚಪ್ಪಾಳೆ, ಒಂದು ಕೈಗಡಿಯಾರ ಎಲ್ಲ ಸಿಕ್ಕಿದವು. ಐದು ವಾರ ಕಳೆದು ಹನ್ನೊಂದನೆಯ ಕೊಳವೆ ಸೀಳಿತು. ತಮ್ಮ ಆಗಷ್ಟೇ ಕಿಂಡಿಯ ಮುಚ್ಚಳ ತೆಗೆದಿದ್ದ. ಹಬೆ, ಬೆಂಕಿ ಎರಡೂ ಒಟ್ಟಿಗೆ ಅವನ ಮುಖಕ್ಕೆ ಬಡಿದವು. ಎರಡು ಕಣ್ಣೂ ಹೋದವು.

ಆಸ್ಪತ್ರೆಗೆ ಭಾವನೂ ಬಂದಿದ್ದರು. “ಹಣೆಬರಹ ಕಣೋ, ಏನು ಮಾಡಕ್ಕಾಗುತ್ತೆ,” ಎಂದರು. ಆರು ಪಾಯಿಂಟ್ ಮೂರು ಎಂದು ಯಾರ ಹಣೆಯ ಮೇಲೂ ಬರೆದಿರಲಿಲ್ಲ, ಹಾಳೆಯ ಮೇಲೆ ಬರೆದಿತ್ತು. ಅದನ್ನೂ ನಾನು ಹೇಳಲಿಲ್ಲ.

ಅವರು ಹೋದ ಮೇಲೆ ತಮ್ಮನ ಮಂಚದ ಪಕ್ಕ ಕೂತೆ. ಮುಖದ ತುಂಬ ಬಟ್ಟೆ ಸುತ್ತಿದ್ದರು. ಬಾಯಿಯಷ್ಟೇ ಕಾಣುತ್ತಿತ್ತು.

“ಅಣ್ಣಾ, ಹನ್ನೊಂದನೇದನ್ನ ಕೆರೆದು ನೋಡಿದ್ಯಲ್ಲ?”

“ಹೂಂ. ಕೆರೆದಿದ್ದೆ.”

ಅದು ಸುಳ್ಳಲ್ಲ. ಅಂಥ ಸುಳ್ಳನ್ನು ನಾನು ಜನ್ಮದಲ್ಲಿ ಇನ್ನೊಂದು ಹೇಳಿಲ್ಲ.

“ನಂಗೊತ್ತಿತ್ತು,” ಎಂದ. “ನನ್ನ ಹೆಂಡ್ತಿ ನೀನು ಸಹಿ ಹಾಕಿದ್ದನ್ನೇ ಹಿಡ್ಕೊಂಡು ಬೈತಾ ಕೂತಿದ್ಲು. ಅಣ್ಣ ಕೆರೀದೆ ಅಳೆಯೋನಲ್ಲ ಕಣೇ, ಉಕ್ಕೇ ಮೋಸ ಮಾಡಿರ್ಬೇಕು, ಅವನನ್ನ ಏನೂ ಅನ್ಬೇಡ ಅಂದೆ. ನೀನು ಮನಸ್ಸಿಗೆ ಹಚ್ಕೋಬೇಡ.”

ಹಾಸಿಗೆಯ ಮೇಲೆ ತಡಕಾಡಿ ನನ್ನ ಕೈ ಹುಡುಕಿ ಹಿಡಿದುಕೊಂಡ. ನಾನು ಬಿಡಿಸಿಕೊಳ್ಳಲೂ ಇಲ್ಲ, ಹೇಳಲೂ ಇಲ್ಲ.